ದೇಶಕ್ಕೇ ಹೊಸದೆನಿಸುವ ಹೂಗಿಡ ಸಿಕ್ಕಿದೆ, ದಾಖಲಿಸುವುದು ಹೇಗೆ?

ಪ್ರಶ್ನೆ: ದೇಶದ ಗಡಿಗೆ ಹತ್ತಿರದ ಬೆಟ್ಟವೊಂದರಲ್ಲಿ, ತೊರೆಯ ಪಕ್ಕದ ಒದ್ದೆ ಬಂಡೆಗಳ ಮೇಲೆ, ಕರ್ಣಕುಂಡಲದ ಗುಂಪಿಗೆ ಸೇರಿದ ಕಾಡುಗಿಡವೊಂದು ಕಣ್ಣಿಗೆ ಬಿತ್ತು. ಫೋನಿನ ಆಪ್ ಕೊಟ್ಟ ಹೆಸರಿನ ಪ್ರಭೇದ ಪಕ್ಕದ ದೇಶದಲ್ಲಿದೆಯಂತೆ. ನಮ್ಮ ದೇಶದ ಸಸ್ಯಪಟ್ಟಿಯಲ್ಲಿ ಕಾಣುತ್ತಿಲ್ಲ. ಇಪ್ಪತ್ತಕ್ಕೂ ಹೆಚ್ಚು ಫೋಟೋ ತೆಗೆದಿದ್ದೇನೆ. ಇದನ್ನು ದೇಶಕ್ಕೆ ಹೊಸ ದಾಖಲೆ ಎಂದು ಪ್ರಕಟಿಸಲು ಇಷ್ಟು ಸಾಕೇ? ಅಕಸ್ಮಾತ್ ಇದು ಜಗತ್ತಿಗೇ ಹೊಸ ಪ್ರಭೇದವಾಗಿದ್ದರೆ ಏನು ಮಾಡಬೇಕು?

ಉತ್ತರ: ಇಷ್ಟೇ ಸಾಲದು. ಆದರೆ ಫೋಟೋಗಳನ್ನು ಮೂಲ ಗಾತ್ರದಲ್ಲೇ, ತೆಗೆದ ದಿನ ಮತ್ತು ಜಾಗದ ವಿವರ ಅಳಿಸದೆ ಜೋಪಾನವಾಗಿಡಿ; ಮುಂದೆ ಅವು ಬೇಕೇ ಬೇಕು. ಹೊಸ ದಾಖಲೆ ಎನ್ನಬೇಕಾದರೆ ಮೂರು ಮಾತುಗಳನ್ನು ಬೇರೆಬೇರೆಯಾಗಿ ಸಾಧಿಸಬೇಕು. ಗಿಡದ ಹೆಸರು ಸರಿಯಾಗಿದೆ. ಅದು ಗಡಿಯ ಈಚೆ, ಯಾರೂ ನೆಡದೆ, ತಾನಾಗಿ ಬೆಳೆದಿದೆ. ಈವರೆಗೆ ಯಾವ ಹೆಸರಿನಲ್ಲೂ ಅದನ್ನು ಇಲ್ಲಿಂದ ಯಾರೂ ದಾಖಲಿಸಿಲ್ಲ. ಹೆಚ್ಚಿನವರು ಮೂರನೆಯದರಿಂದ ಶುರುಮಾಡುತ್ತಾರೆ, ಪಟ್ಟಿಯಲ್ಲಿ ಹೆಸರಿಲ್ಲ ಎಂದ ಕೂಡಲೇ ಬರೆಯಲು ಕೂರುತ್ತಾರೆ. ಮೊದಲನೆಯದೇ ಎಲ್ಲಕ್ಕಿಂತ ಕಷ್ಟ. ಹೆಸರು ತಪ್ಪಿದರೆ ಉಳಿದೆರಡು ತಾವಾಗಿ ಬಿದ್ದುಹೋಗುತ್ತವೆ.

ಹೆಸರು ಎಲ್ಲಿ ತಪ್ಪುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಫ್ಲೋರಾಗಳಲ್ಲಿ, ಅಂದರೆ ಒಂದು ಪ್ರದೇಶದ ಗಿಡಗಳನ್ನೆಲ್ಲ ವರ್ಣಿಸುವ ಗ್ರಂಥಗಳಲ್ಲಿ, ಗಿಡ ಗುರುತಿಸಲು ಕೀಲಿಗಳಿರುತ್ತವೆ: ‘ಎಲೆ ಎದುರುಬದುರೋ, ಒಂದಾದ ಮೇಲೊಂದೋ’ ಎಂಬಂಥ ಜೋಡಿ ಪ್ರಶ್ನೆಗಳ ಸಾಲು. ಒಂದು ದೇಶದ ಫ್ಲೋರಾದ ಕೀಲಿ, ಬರೆದವರಿಗೆ ಆ ದೇಶದಲ್ಲಿವೆ ಎಂದು ಗೊತ್ತಿದ್ದ ಗಿಡಗಳನ್ನು ಮಾತ್ರ ಬೇರ್ಪಡಿಸುತ್ತದೆ. ಆ ಪಟ್ಟಿಯಲ್ಲಿಲ್ಲದ ಗಿಡವನ್ನು ಅದರೊಳಗೆ ಹಾಕಿದರೆ ಸರಿಯಾದ ಹೆಸರು ಎಂದಿಗೂ ಹೊರಬರುವುದಿಲ್ಲ. ಗಿಡ ಯಾವುದೋ ಪರಿಚಿತ ನೆಂಟನ ಹೆಸರಿಗೆ ಹೋಗಿ ನಿಲ್ಲುತ್ತದೆ. ಎಷ್ಟೋ ಪ್ರಭೇದಗಳು ಹೀಗೆಯೇ ದಶಕಗಟ್ಟಲೆ ಹತ್ತಿರದ ಪ್ರಭೇದದ ಹೆಸರಿನಲ್ಲಿ ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯದ, ಕಪಾಟುಗಳಲ್ಲಿ ಕುಳಿತಿರುತ್ತವೆ. ಆದ್ದರಿಂದ ಸ್ವದೇಶದ ಫ್ಲೋರಾದ ಜೊತೆಗೆ ಸುತ್ತಲಿನ ದೇಶಗಳ ಫ್ಲೋರಾಗಳನ್ನೂ, ಆ ಕುಲದ ಬಗ್ಗೆ ಜಗತ್ತಿನ ಮಟ್ಟದಲ್ಲಿ ಬಂದ ಪರಿಷ್ಕರಣೆಗಳನ್ನೂ (ಕುಲದ ಎಲ್ಲ ಪ್ರಭೇದಗಳನ್ನು ಮತ್ತೆ ವಿಂಗಡಿಸಿದ ಬರಹಗಳನ್ನೂ) ಮುಂದಿಟ್ಟುಕೊಂಡು, ಅದೇ ಗಿಡವನ್ನು ಕನಿಷ್ಠ ಎರಡು ಮೂರು ಕೀಲಿಗಳಲ್ಲಿ ಓಡಿಸಿ ನೋಡಿ. ಕೊನೆಯ ಜೋಡಿ ಪ್ರಶ್ನೆಯಲ್ಲಿ ಎರಡೂ ಅರ್ಧರ್ಧ ಹೊಂದುತ್ತಿವೆ ಎನಿಸಿದರೆ ಅಲ್ಲೇ ನಿಲ್ಲಿ. ಗಿಡ ಆ ಕೀಲಿಯದಲ್ಲ ಎಂಬ ಸೂಚನೆ ಬಹುಮಟ್ಟಿಗೆ ಹೀಗೇ ಸಿಗುವುದು.

ಆಪ್ ಕೊಟ್ಟ ಹೆಸರನ್ನು ಹುಡುಕಾಟದ ದಿಕ್ಕು ಎಂದಷ್ಟೇ ಇಟ್ಟುಕೊಳ್ಳಿ. ಅದು ಯಾವ ಪ್ರಭೇದಗಳ ಫೋಟೋಗಳಿಂದ ಕಲಿತಿದೆಯೋ ಅವುಗಳಲ್ಲೇ ಒಂದನ್ನು ಆರಿಸಿ ಹೇಳುತ್ತದೆ. ಕರ್ಣಕುಂಡಲದ ಕುಲವಾದ ಇಂಪೇಷಿಯನ್ಸ್‌ನಲ್ಲಿ 1,000ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಎಷ್ಟೋ ಒಂದೇ ಕಣಿವೆಗೆ, ಒಂದೇ ಬೆಟ್ಟಸಾಲಿಗೆ ಸೀಮಿತ. ಅಂಥವುಗಳ ಒಳ್ಳೆಯ ಫೋಟೋ ಎಲ್ಲೂ ಇರುವುದಿಲ್ಲ.

ಈಗ ಮಾದರಿಯ ವಿಷಯ. ಹೊಸ ದಾಖಲೆ ನಿಲ್ಲುವುದು ಒಣಗಿಸಿ ಹಾಳೆಗೆ ಅಂಟಿಸಿ, ಸಾರ್ವಜನಿಕ ಹರ್ಬೇರಿಯಂನಲ್ಲಿ ಇಟ್ಟ ಗಿಡದ ಮೇಲೆ. ನಾಳೆ ಯಾರಾದರೂ ಆ ಕುಲವನ್ನು ಮರುಪರಿಶೀಲಿಸಿ ಒಂದು ಪ್ರಭೇದವನ್ನು ಮೂರಾಗಿ ಒಡೆದರೆ, ನಿಮ್ಮ ಗಿಡ ಆ ಮೂರರಲ್ಲಿ ಯಾವುದು ಎಂದು ಹೇಳಲು ಹೂವಿನ ಒಳಭಾಗ, ಬೀಜ, ಎಲೆಯ ತುಣುಕು ಕೈಗೆ ಸಿಗಬೇಕು. ಫೋಟೋದಿಂದ ಬೀಜ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಡಲಾಗದು.

ಗಿಡಕ್ಕೆ ಕೈ ಹಚ್ಚುವ ಮೊದಲು ಅನುಮತಿ ಪಡೆಯಿರಿ. ಜಾಗ ಅರಣ್ಯವೋ ರಕ್ಷಿತ ಪ್ರದೇಶವೋ ಖಾಸಗಿ ಜಮೀನೋ ನೋಡಿಕೊಂಡು ಲಿಖಿತ ಪರವಾನಗಿ ಇರಲಿ; ಅನುಮತಿಯ ಸಂಖ್ಯೆ ಕೇಳುವ ಪತ್ರಿಕೆಗಳು ಈಗ ಹೆಚ್ಚುತ್ತಿವೆ. ಮಾದರಿಯನ್ನೋ ಡಿಎನ್‌ಎಗೆಂದು ತೆಗೆದ ಎಲೆಯನ್ನೋ ಬೇರೆ ದೇಶಕ್ಕೆ ಕಳಿಸುವುದಿದ್ದರೆ 2014ರಲ್ಲಿ ಜಾರಿಗೆ ಬಂದ ಜೀವಿಗಳ ವಂಶವಾಹಿ ಸಂಪತ್ತಿನ ಬಳಕೆ, ಲಾಭಹಂಚಿಕೆ ಕುರಿತ ನಗೋಯ ಒಪ್ಪಂದದ ಅಡಿ ಆಯಾ ದೇಶ ಮಾಡಿಕೊಂಡ ನಿಯಮಗಳನ್ನು ಮೊದಲೇ ವಿಚಾರಿಸಿ. ಗಿಡ ಆರ್ಕಿಡ್ ಆಗಿದ್ದರೆ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವೂ ಸೇರಿಕೊಳ್ಳುತ್ತದೆ, ಏಕೆಂದರೆ ಇಡೀ ಆರ್ಕಿಡ್ ಕುಟುಂಬ ಅದರ ಪಟ್ಟಿಯಲ್ಲಿದೆ. ಒಣ ಹಾಳೆಗೂ ಅದು ಅನ್ವಯಿಸುತ್ತದೆ. ನೋಂದಾಯಿತ ಹರ್ಬೇರಿಯಂಗಳ ನಡುವಿನ ವಿನಿಮಯಕ್ಕೆ ವಿನಾಯಿತಿ ಇದೆ. ವ್ಯಕ್ತಿಯೊಬ್ಬರು ಅಂಚೆಯಲ್ಲಿ ಕಳಿಸುವುದಕ್ಕೆ ಇಲ್ಲ.

ಎಷ್ಟು ತೆಗೆಯಬೇಕು? ಮೊದಲು ಗಿಡಗಳನ್ನು ಎಣಿಸಿ. ಇಪ್ಪತ್ತು ಗಿಡಗಳಿದ್ದರೆ ಒಂದು ಎಂಬ ಲೆಕ್ಕ ಸಸ್ಯವಿಜ್ಞಾನಿಗಳಲ್ಲಿ ರೂಢಿಯಲ್ಲಿದೆ. ಅದಕ್ಕೂ ಕಡಿಮೆ ಇದ್ದರೆ ಬೇರು ಕೀಳಬೇಡಿ. ಹೂವಿರುವ ಒಂದು ಕವಲು, ಒಂದೆರಡು ಕಾಯಿ, ಉಳಿದದ್ದಕ್ಕೆ ಅಳತೆಪಟ್ಟಿ ಇಟ್ಟು ತೆಗೆದ ಫೋಟೋ ಸಾಕು. ಗಿಡಗಳು ನೂರಾರು ಇದ್ದರೆ ಮೂರು ನಾಲ್ಕು ಹಾಳೆಗಾಗುವಷ್ಟು ತೆಗೆಯಿರಿ. ಒಂದು ಹಾಳೆ ಒಂದು ಹರ್ಬೇರಿಯಂಗೆ, ಇನ್ನೊಂದು ಬೇರೆ ಊರಿನದಕ್ಕೆ. ಬೆಂಕಿ, ನೀರು, ಹುಳು ಇವುಗಳಿಂದ ಒಂದು ಸಂಗ್ರಹ ಹಾಳಾದರೂ ಸಾಕ್ಷಿ ಉಳಿಯಲಿ ಎಂಬುದೇ ಇದರ ಉದ್ದೇಶ. ಒಂದೇ ಜಾಗದಲ್ಲಿ ಒಂದೇ ದಿನ ತೆಗೆದ ಒಂದು ಪ್ರಭೇದಕ್ಕೆ ಒಂದೇ ಸಂಗ್ರಹ ಸಂಖ್ಯೆ. ಆ ಸಂಖ್ಯೆ ನಿಮ್ಮ ಜೀವಮಾನವಿಡೀ ಏರುತ್ತಲೇ ಹೋಗಬೇಕು. ಪ್ರತಿ ವರ್ಷ ಒಂದರಿಂದ ಶುರುಮಾಡಿದರೆ ಹತ್ತು ವರ್ಷದ ಮೇಲೆ ‘ಸಂಖ್ಯೆ 12’ ಎಂಬುದು ಹತ್ತು ಬೇರೆ ಗಿಡಗಳಿಗಿರುತ್ತದೆ.

ಯಾವ ಹಂತದ ಗಿಡ ಬೇಕು ಎಂಬುದು ಗುಂಪಿನಿಂದ ಗುಂಪಿಗೆ ಬೇರೆ. ಜೇಕಿನ ಗುಂಪಿಗೆ ಬಲಿತ ಕಾಯಿ ಇಲ್ಲದೆ ಹೆಸರು ಹೇಳುವಂತಿಲ್ಲ. ಕೊತ್ತಂಬರಿ ಕುಟುಂಬಕ್ಕೂ ಅಷ್ಟೆ. ಗಂಡು ಹೆಣ್ಣು ಬೇರೆಬೇರೆ ಇರುವ ಗಿಡವಾದರೆ ಎರಡೂ ಬೇಕು, ಈ ಒಂದು ಸಂದರ್ಭದಲ್ಲಿ ಎರಡಕ್ಕೂ ಬೇರೆ ಸಂಖ್ಯೆ. ನಿಮ್ಮ ಕರ್ಣಕುಂಡಲಕ್ಕೆ ಹೂವೂ ಬೇಕು, ಕಾಯಿಯೂ ಬೇಕು: ಕಾಯಿ ಕದಿರಿನಂತೆ ಎರಡು ತುದಿಗೂ ಸಪುರವೋ, ಗದೆಯಂತೆ ತುದಿಯಲ್ಲಿ ದಪ್ಪವೋ ಎಂಬುದು ಮುಖ್ಯ ಗುರುತು. ಬಲಿತ ಕಾಯಿ ಮುಟ್ಟಿದರೆ ಸಿಡಿಯುತ್ತದೆ. ಆದ್ದರಿಂದ ಇನ್ನೂ ಹಸಿರಾಗಿದ್ದು ತುಂಬಿಕೊಂಡ ಕಾಯಿಗೆ ಸಣ್ಣ ಬಟ್ಟೆಚೀಲ ಕಟ್ಟಿ ಬಂದು, ಕೆಲವು ದಿನ ಬಿಟ್ಟು ಹೋಗಿ ಬೀಜ ತನ್ನಿ.

ಕರ್ಣಕುಂಡಲದ ಹೂವು ಒತ್ತಿ ಒಣಗಿಸಿದಾಗ ತೆಳು ಪೊರೆಯಾಗಿ ಒಂದಕ್ಕೊಂದು ಅಂಟಿಬಿಡುತ್ತದೆ. ಆಮೇಲೆ ಬಿಡಿಸಲು ಹೋದರೆ ಹರಿಯುತ್ತದೆ. ಹಳೆಯ ಹಾಳೆಗಳಿಂದ ಈ ಕುಲವನ್ನು ಗುರುತಿಸುವುದು ಇಷ್ಟು ಕಷ್ಟವಾಗಿರುವುದಕ್ಕೆ ಇದೇ ಕಾರಣ. ಆದ್ದರಿಂದ ಹೂವನ್ನು ಹಸಿಯಾಗಿದ್ದಾಗಲೇ, ಕಿತ್ತ ದಿನವೇ ಬಿಡಿಸಬೇಕು. ಅಗಲವಾದ ತಟ್ಟೆಯಲ್ಲಿ ಬೆರಳು ಮುಳುಗದಷ್ಟು ನೀರು ಹಾಕಿ ಹೂವನ್ನು ತೇಲಿಬಿಡಿ. ಎರಡು ಸೂಜಿ, ಒಂದು ಚೂಪಾದ ಚಿಮ್ಮಟ, 10 ಪಟ್ಟು ಹಿಗ್ಗಿಸುವ ಮಸೂರ ಸಾಕು. ಮೊದಲು ಪಕ್ಕದ ಪುಷ್ಪಪತ್ರಗಳನ್ನು, ಅಂದರೆ ದಳಗಳ ಹೊರಗಿನ ಸುತ್ತಿನ ಎಸಳುಗಳನ್ನು, ನೋಡಿ: ಒಂದು ಜೋಡಿಯೋ, ಎರಡು ಜೋಡಿಯೋ? ಎರಡನೆಯ ಜೋಡಿ ಒಮ್ಮೊಮ್ಮೆ ಕೂದಲೆಳೆಯಷ್ಟು ಚಿಕ್ಕದಾಗಿ ಮೇಲಿನ ದಳದ ಬುಡದಲ್ಲಿ ಅಡಗಿರುತ್ತದೆ, ಅದನ್ನು ಕಾಣದೆ ‘ಮೂರು ಪುಷ್ಪಪತ್ರ’ ಎಂದು ಬರೆದರೆ ಇಡೀ ಗುರುತು ಬೇರೆ ದಾರಿ ಹಿಡಿಯುತ್ತದೆ. ನಂತರ ಕೆಳಗಿನ ಪುಷ್ಪಪತ್ರ. ಅದು ದೋಣಿಯಂತಿದೆಯೋ, ಚೀಲದಂತೆಯೋ, ಆಲಿಕೆಯಂತೆಯೋ, ಅದರ ಬಾಲ ನೆಟ್ಟಗಿದೆಯೋ ಕೊಕ್ಕೆಯಾಗಿದೆಯೋ, ಎಷ್ಟು ಮಿ.ಮೀ. ಆಮೇಲೆ ಮೇಲಿನ ಒಂಟಿ ದಳ, ಅದರ ಬೆನ್ನಿನ ಏಣು. ಪಕ್ಕದ ನಾಲ್ಕು ದಳಗಳು ಎರಡೆರಡಾಗಿ ಬೆಸೆದು ಎರಡು ರೆಕ್ಕೆಗಳಾಗಿರುತ್ತವೆ. ಒಂದೊಂದು ರೆಕ್ಕೆಯ ಮೇಲಿನ ಹಾಲೆ ಮತ್ತು ಕೆಳಗಿನ ಹಾಲೆಯ ಆಕಾರ, ಬುಡದಲ್ಲಿ ಒಳಕ್ಕೆ ಮಡಚಿದ ಕಿವಿ ಇದೆಯೋ ಇಲ್ಲವೋ ನೋಡಿ. ಒಳಗೆ ಐದು ಕೇಸರಗಳ ಪರಾಗಕೋಶಗಳು ಕೂಡಿಕೊಂಡು ಅಂಡಾಶಯದ ಮೇಲೆ ಟೋಪಿಯಂತೆ ಕುಳಿತಿರುತ್ತವೆ. ಆ ಟೋಪಿ ಜಾರಿ ಬಿದ್ದ ಹೂವನ್ನು ಬೇರೆಯಾಗಿ ಇಡಿ. ಹೆಣ್ಣು ಹಂತದ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ತುದಿ, ಅದರಲ್ಲೇ ಕಾಣುವುದು. ಒಂದೊಂದು ಭಾಗವನ್ನೂ ನೀರಿನಡಿಗೆ ತೂರಿಸಿದ ದಪ್ಪ ಕಾಗದದ ಪಟ್ಟಿಯ ಮೇಲೆ ಹರಡಿ ಮೇಲಕ್ಕೆತ್ತಿ, ಪಕ್ಕದಲ್ಲಿ ಮಿ.ಮೀ. ಪಟ್ಟಿ ಇಟ್ಟು ಫೋಟೋ ತೆಗೆದು, ಟಿಶ್ಯೂ ಕಾಗದ ಮುಚ್ಚಿ ಒತ್ತಿ. ಒಣಗಿದ ಮೇಲೆ ಇದು ಸಣ್ಣ ಲಕೋಟೆಯಲ್ಲಿ ಹಾಳೆಯ ಮೂಲೆಗೆ ಸೇರುತ್ತದೆ. ಇನ್ನೂ ಐದಾರು ಹೂಗಳನ್ನು 70 ಪ್ರತಿಶತ ಎಥನಾಲ್ ತುಂಬಿದ ಸೀಸೆಯಲ್ಲಿಡಿ. ಸೀಸೆಯೊಳಗಿನ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಮದ್ಯಸಾರದಲ್ಲಿ ಕರಗಿ ಹೋಗುತ್ತದೆ.

ಅಳತೆಗಳನ್ನು ಒಂದೇ ಹೂವಿನಿಂದ ತೆಗೆದುಕೊಳ್ಳಬೇಡಿ. ಐದು ಬೇರೆಬೇರೆ ಗಿಡಗಳಿಂದ ಹತ್ತು ಹೂ, ಹತ್ತು ಎಲೆ ಅಳೆದು ಕನಿಷ್ಠ, ಗರಿಷ್ಠ ಬರೆದುಕೊಳ್ಳಿ. ಅಳೆದದ್ದು ಹಸಿಯದೋ ಒಣಗಿದ್ದೋ ನಮೂದಿಸಿ, ಏಕೆಂದರೆ ನೀರಿನಂಶ ಹೆಚ್ಚಿರುವ ಇಂಥ ಗಿಡ ಒಣಗಿದಾಗ ಗಮನಾರ್ಹವಾಗಿ ಕುಗ್ಗುತ್ತದೆ. ಹಸಿ ಹೂವಿನ ಅಳತೆಯನ್ನು ಒಣ ಮಾದರಿ ನೋಡಿ ಬರೆದ ಹಳೆಯ ವರ್ಣನೆಗೆ ಹೋಲಿಸಿ, ‘ನಮ್ಮದು ದೊಡ್ಡದು, ಆದ್ದರಿಂದ ಬೇರೆ ಪ್ರಭೇದ’ ಎನ್ನುವ ತಪ್ಪು ಪ್ರಕಟವಾದ ಲೇಖನಗಳಲ್ಲೂ ಕಾಣುತ್ತದೆ.

ಒಣಗಿಸುವುದಕ್ಕೆ ಬರೋಣ. ಗಿಡವನ್ನು ಮಡಚಿದ ಸುದ್ದಿಪತ್ರಿಕೆಯೊಳಗೆ ಹರಡಿ, ಕೆಲವು ಎಲೆಗಳ ಬೆನ್ನು ಮೇಲೆ ಬರುವಂತೆ ತಿರುಗಿಸಿ. ಮೇಲೆ ಕೆಳಗೆ ಒತ್ತುಕಾಗದ, ನಡುನಡುವೆ ಏಣಿರುವ ರಟ್ಟು, ಹೊರಗೆ ಮರದ ಚೌಕಟ್ಟು, ಬಿಗಿಯಾಗಿ ಪಟ್ಟಿ. ಮೊದಲ ಮೂರು ದಿನ ದಿನಕ್ಕೆರಡು ಸಲ ಒತ್ತುಕಾಗದ ಬದಲಿಸಿ. ಒಳಗಿನ ಸುದ್ದಿಪತ್ರಿಕೆಯನ್ನೂ ಹೂವಿನ ಮೇಲಿನ ಟಿಶ್ಯೂವನ್ನೂ ಅಲುಗಿಸಬೇಡಿ. ಬಿಸಿಗಾಳಿ ಬಳಸುವುದಾದರೆ 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ, ಗಾಳಿ ಕೆಳಗಿನಿಂದ ರಟ್ಟಿನ ಏಣುಗಳ ಮೂಲಕ ಹಾಯಬೇಕು. ತಡವಾಗಿ ಒಣಗಿದರೆ ಎಲೆ ಕಪ್ಪಾಗಿ ಗೆಣ್ಣಿನಲ್ಲಿ ಕಳಚುತ್ತದೆ, ಬೂಷ್ಟು ಬರುತ್ತದೆ. ವಿಪರೀತ ಬಿಸಿಯಲ್ಲಿ ಒಣಗಿದರೆ ಮುಟ್ಟಿದರೆ ಪುಡಿ. ದಿನಗಟ್ಟಲೆ ಮಳೆಯಲ್ಲಿ ಸಿಕ್ಕಿಕೊಂಡಿದ್ದರೆ ಸುದ್ದಿಪತ್ರಿಕೆಯ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು 60–70 ಪ್ರತಿಶತ ಮದ್ಯಸಾರ ಸುರಿದು ಬಾಯಿ ಬಿಗಿದರೆ ಕೆಲವು ವಾರ ತಡೆಯುತ್ತದೆ. ಬಣ್ಣ ಹೋಗುತ್ತದೆ, ಡಿಎನ್‌ಎಯೂ ಕೆಡುತ್ತದೆ. ಅದಕ್ಕೇ ಮದ್ಯಸಾರ ತಾಕುವ ಮೊದಲು ಎಲೆಯ ತುಣುಕನ್ನು ತೇವ ಹೀರುವ ಸಿಲಿಕಾ ಜೆಲ್‌ಗೆ ಹಾಕಿರಬೇಕು: ರೋಗವಿಲ್ಲದ ಎಳೆಯ ಎಲೆ, ಅದರ ತೂಕದ ಕನಿಷ್ಠ ಹತ್ತು ಪಟ್ಟು ಸಿಲಿಕಾ, 24 ಗಂಟೆಯೊಳಗೆ ಎಲೆ ಮುರಿದರೆ ಚಟ್ಟೆನ್ನುವಷ್ಟು ಒಣಗಬೇಕು. ಕರ್ಣಕುಂಡಲದಂಥ ನೀರೆಲೆಗೆ ಮಾರನೆಯ ದಿನ ಸಿಲಿಕಾ ಬದಲಿಸಬೇಕಾಗಬಹುದು. ಸೂಚಕ ಹರಳಿನ ಬಣ್ಣ ತಿರುಗಿದ್ದು ನೋಡಿದರೆ ಗೊತ್ತಾಗುತ್ತದೆ.

ಒಣಗಿದ ಮಾದರಿಯನ್ನು ಪಾಲಿಥೀನ್ ಚೀಲದಲ್ಲಿ ಮೊಹರು ಮಾಡಿ −20 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಹುಳು, ಮೊಟ್ಟೆ ಸಾಯುತ್ತವೆ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೂ ಚೀಲ ಬಿಚ್ಚಬೇಡಿ, ಇಬ್ಬನಿ ಕೂತು ಮತ್ತೆ ಒದ್ದೆಯಾಗುತ್ತದೆ. ನಂತರ ಸುಮಾರು 42 × 28 ಸೆಂ.ಮೀ. ಅಳತೆಯ, ಆಮ್ಲವಿಲ್ಲದ ದಪ್ಪ ಹಾಳೆಗೆ ಅಂಟಿಸಿ, ಕಾಂಡವನ್ನು ದಾರದಿಂದ ಹೊಲಿದು, ಬಲಗಡೆ ಕೆಳಮೂಲೆಯಲ್ಲಿ ಚೀಟಿ.

ಒಣಗಿದ ಗಿಡ ತಾನಾಗಿ ಹೇಳಲಾರದ ಎಲ್ಲವನ್ನೂ ಆ ಚೀಟಿ ಹೇಳಬೇಕು. ಹೂವಿನ ಬಣ್ಣ, ಗಂಟಲಿನ ಚುಕ್ಕೆ, ವಾಸನೆ, ಕಾಂಡ ಮುರಿದಾಗ ಬಂದ ರಸ, ಗಿಡದ ಎತ್ತರ, ಬಂಡೆಯ ಬಗೆ, ನೆರಳೋ ಬಿಸಿಲೋ, ಸುತ್ತಲಿನ ಗಿಡಗಳು, ಎಣಿಕೆಗೆ ಸಿಕ್ಕ ಗಿಡಗಳ ಸಂಖ್ಯೆ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರು ಮತ್ತು ಸಂಖ್ಯೆ. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 5-8 ಎಂದರೆ ಕೆಲವರಿಗೆ ಆಗಸ್ಟ್, ಕೆಲವರಿಗೆ ಮೇ. ಜಾಗವನ್ನು ಬದಲಾಗದ ಗುರುತಿನಿಂದ ದೂರ, ದಿಕ್ಕು ಹೇಳಿ ಬರೆಯಿರಿ, ಜೊತೆಗೆ ಜಿಪಿಎಸ್ ಅಂಕಿ.

ಆ ಅಂಕಿಯಲ್ಲಿ ನಿಮ್ಮ ದಾಖಲೆಯೇ ತೂಗಾಡುತ್ತಿದೆ, ಏಕೆಂದರೆ ನಿಮ್ಮದು ಗಡಿಯ ಗಿಡ. 12 ಡಿಗ್ರಿ 30 ನಿಮಿಷ ಎಂದರೆ ದಶಮಾಂಶದಲ್ಲಿ 12.5, ಕೈತಪ್ಪಿ 12.30 ಎಂದು ಬರೆದರೆ ಗಿಡ ಸುಮಾರು 22 ಕಿ.ಮೀ. ಸರಿದು ಪಕ್ಕದ ದೇಶಕ್ಕೆ ಹೋಗಿರುತ್ತದೆ, ಹೊಸ ದಾಖಲೆ ಅಲ್ಲಿಗೆ ಮುಗಿಯಿತು. ದಶಮಾಂಶದ ಐದನೆಯ ಸ್ಥಾನ ಸುಮಾರು ಒಂದು ಮೀಟರ್. ದಟ್ಟ ಕಾಡಿನಲ್ಲಿ, ಕಡಿದಾದ ಕಣಿವೆಯಲ್ಲಿ ಉಪಕರಣದ ತಪ್ಪು ಅದಕ್ಕಿಂತ ಬಹಳ ದೊಡ್ಡದು. ಆದ್ದರಿಂದ ಉಪಕರಣ ತೋರಿಸಿದ ತಪ್ಪಿನ ಅಳತೆಯನ್ನೂ ಅಂಕಿಗೆ ಬುಡವಾದ ಡಬ್ಲ್ಯುಜಿಎಸ್ 84 ಎಂಬ ಭೂಮಾಪನ ಆಧಾರವನ್ನೂ ಸೇರಿಸಿ ಬರೆಯಿರಿ. ಮನೆಗೆ ಬಂದು ಆ ಬಿಂದುವನ್ನು ನಕ್ಷೆಯ ಮೇಲೆ ಇಟ್ಟು ನೋಡುವುದನ್ನು ಮಾತ್ರ ಬಿಡಬೇಡಿ.

ಮಾದರಿ ಕೈಯಲ್ಲಿದ್ದ ಮೇಲೆ ಹೆಸರನ್ನು ಒರೆಗೆ ಹಚ್ಚಬಹುದು. ಆ ಪ್ರಭೇದವನ್ನು ಮೊದಲು ವರ್ಣಿಸಿದ ಮೂಲ ಬರಹವನ್ನು ಓದಿ. ಹಳೆಯವು ಬಹುಪಾಲು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯಲ್ಲಿ ಉಚಿತವಾಗಿ ಸಿಗುತ್ತವೆ. ಯಾವ ಹೆಸರು ಎಲ್ಲಿ, ಯಾವ ಪುಟದಲ್ಲಿ ಪ್ರಕಟವಾಯಿತು ಎಂಬುದನ್ನು ಅಂತರರಾಷ್ಟ್ರೀಯ ಸಸ್ಯನಾಮ ಸೂಚಿ ತಿಳಿಸುತ್ತದೆ. ಆಮೇಲೆ ಟೈಪ್ ಮಾದರಿ, ಅಂದರೆ ಆ ಹೆಸರಿಗೆ ಶಾಶ್ವತವಾಗಿ ಕಟ್ಟಿಹಾಕಿದ ಹಾಳೆ. ಲಂಡನ್ನಿನ ಕ್ಯೂ, ಪ್ಯಾರಿಸ್, ಎಡಿನ್‌ಬರೊ, ಲೈಡನ್ ಮೊದಲಾದ ಹರ್ಬೇರಿಯಂಗಳು ತಮ್ಮ ಟೈಪ್ ಹಾಳೆಗಳ ಸ್ಪಷ್ಟ ಚಿತ್ರಗಳನ್ನು ಜಾಲದಲ್ಲಿ ಇಟ್ಟಿವೆ. ನಿಮ್ಮ ಗಿಡವನ್ನು ತಾಳೆ ನೋಡಬೇಕಾದದ್ದು ಇವುಗಳ ಜೊತೆಗೆ. ಜಾಲದಲ್ಲಿ ಆ ಹೆಸರಿನಡಿ ಸಿಗುವ ಯಾವುದೋ ಫೋಟೋ ಜೊತೆಗಲ್ಲ. ಹತ್ತಿರದ ಮೂರು ನಾಲ್ಕು ಪ್ರಭೇದಗಳನ್ನು ಆರಿಸಿ, ಪುಷ್ಪಪತ್ರದ ಸಂಖ್ಯೆ, ಬಾಲದ ಉದ್ದ, ಕಿವಿ, ಕಾಯಿಯ ಆಕಾರ, ಬೀಜದ ಮೇಲ್ಮೈ ಹೀಗೆ ಸಾಲುಸಾಲಾಗಿ ಕೋಷ್ಟಕ ಮಾಡಿ. ಎಲ್ಲ ಮನೆಗಳನ್ನೂ ತುಂಬಲಾಗದಿದ್ದರೆ ಗುರುತಿಸುವಿಕೆ ಇನ್ನೂ ಮುಗಿದಿಲ್ಲ ಎಂದೇ ತಿಳಿಯಿರಿ. ಕೋಷ್ಟಕ ಸಿದ್ಧವಾದ ಮೇಲೆ, ಆ ಕುಲದ ಮೇಲೆ ಈಚೆಗೆ ಕೆಲಸ ಮಾಡಿದವರೊಬ್ಬರಿಗೆ ಹಾಳೆಯ ಚಿತ್ರ, ಬಿಡಿಸಿದ ಹೂವಿನ ಚಿತ್ರ, ಕೋಷ್ಟಕ ಮೂರನ್ನೂ ಕಳಿಸಿ ಅಭಿಪ್ರಾಯ ಕೇಳಿ. ಇಷ್ಟು ಸಿದ್ಧತೆಯೊಂದಿಗೆ ಕೇಳಿದ ಪ್ರಶ್ನೆಗೆ ಉತ್ತರ ಬರುತ್ತದೆ. ಅಳತೆಪಟ್ಟಿ ಇಲ್ಲದ ಇಪ್ಪತ್ತು ಫೋಟೋ ಕಳಿಸಿ ‘ಇದೇನು?’ ಎಂದರೆ ಯಾರಿಗೂ ಹೇಳಲಾಗದು.

ಈಗ ಮೂರನೆಯ ಮಾತು, ಹಿಂದೆ ದಾಖಲಾಗಿಲ್ಲ ಎಂಬುದು. ಪಟ್ಟಿಯಲ್ಲಿ ಇಲ್ಲದಿರುವುದು ಬೇರೆ, ದೇಶದಲ್ಲಿ ದಾಖಲಾಗದಿರುವುದು ಬೇರೆ. ಮೊದಲಿಗೆ ಆ ಪ್ರಭೇದದ ಎಲ್ಲ ಪರ್ಯಾಯ ಹೆಸರುಗಳನ್ನೂ ಬರೆದಿಟ್ಟುಕೊಂಡು ಒಂದೊಂದನ್ನೂ ಹುಡುಕಿ. ಐವತ್ತು ವರ್ಷದ ಹಿಂದೆ ಬೇರೆ ಹೆಸರಿನಲ್ಲಿ ಯಾರೋ ಬರೆದಿರಬಹುದು. ಎರಡನೆಯದಾಗಿ, ಕ್ಯೂ ಉದ್ಯಾನದ ‘ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್’ ನೋಡುವಾಗ ಒಂದು ಎಚ್ಚರ. ಅದು ರಾಜಕೀಯ ದೇಶಗಳ ಬದಲು ‘ಸಸ್ಯಶಾಸ್ತ್ರೀಯ ದೇಶ’ಗಳ ಲೆಕ್ಕ ಇಡುತ್ತದೆ. ಅಲ್ಲಿ ಬೋರ್ನಿಯೊ ಒಂದೇ ಘಟಕ, ಆದರೆ ಆ ದ್ವೀಪದಲ್ಲಿ ಇಂಡೊನೇಷ್ಯಾ, ಮಲೇಷ್ಯಾ, ಬ್ರೂನೈ ಮೂರೂ ಇವೆ. ‘ಪೂರ್ವ ಹಿಮಾಲಯ’ ಎಂಬ ಘಟಕದಲ್ಲಿ ಭೂತಾನ್, ಸಿಕ್ಕಿಂ, ಡಾರ್ಜಿಲಿಂಗ್, ಅರುಣಾಚಲ ಒಟ್ಟಿಗೆ ಸೇರಿವೆ. ಇಂಥ ಘಟಕದ ಹೆಸರು ಕಂಡು ‘ನಮ್ಮಲ್ಲಿದೆ’ ಎನ್ನುವಂತೆಯೂ ಇಲ್ಲ, ‘ನಮ್ಮಲ್ಲಿಲ್ಲ’ ಎನ್ನುವಂತೆಯೂ ಇಲ್ಲ. ಆಧಾರವಾದ ಹಾಳೆಯ ತನಕ ಹೋಗಬೇಕು.

ಹಳೆಯ ಹಾಳೆಗಳಲ್ಲಿ ಗಡಿಗಳೇ ಬೇರೆ. ಜೋಸೆಫ್ ಹೂಕರ್ 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ತಂದ ಬ್ರಿಟಿಷ್ ಇಂಡಿಯಾದ ಫ್ಲೋರಾ ಇಂದಿನ ಪಾಕಿಸ್ತಾನ, ಬಾಂಗ್ಲಾದೇಶ, ಮ್ಯಾನ್ಮಾರ್, ಶ್ರೀಲಂಕಾ, ಮಲಯ ಪರ್ಯಾಯದ್ವೀಪವನ್ನೂ ಒಳಗೊಂಡಿತ್ತು. ಆ ಕಾಲದ ಚೀಟಿಯ ಮೇಲಿನ ‘ಇಂಡಿಯಾ’ ಇಂದು ಐದಾರು ದೇಶಗಳಲ್ಲಿ ಯಾವುದೂ ಆಗಬಹುದು. ಹಾಗೆಯೇ ತಿರುಗುಮುರುಗಾಗಿ, ಪಕ್ಕದ ದೇಶದ್ದೆಂದು ಎಲ್ಲರೂ ನಂಬಿದ ಟೈಪ್ ಜಾಗ, ಅಂದರೆ ಟೈಪ್ ಮಾದರಿ ತೆಗೆದ ಜಾಗ, ಇಂದಿನ ಗಡಿಯಲ್ಲಿ ನಿಮ್ಮ ಕಡೆಗೇ ಬಿದ್ದಿರಲೂಬಹುದು. ಆಗ ನಿಮ್ಮದು ಹೊಸ ದಾಖಲೆಯಲ್ಲ, ಮರುಶೋಧ. ಅದೂ ಅಷ್ಟೇ ಬೆಲೆಯುಳ್ಳದ್ದು, ಆದರೆ ಲೇಖನದ ತಲೆಬರಹ ಬೇರೆಯಾಗಬೇಕು.

ಮುಖ್ಯ ಹರ್ಬೇರಿಯಂಗಳಿಗೆ ಹೋಗಿ ಕಪಾಟು ತೆರೆಯದೆ ಈ ಕೆಲಸ ಮುಗಿಯುವುದಿಲ್ಲ. ನಿಮ್ಮ ಪ್ರಭೇದದ ಹಾಳೆಗಳ ಕೋಶವಷ್ಟೇ ಅಲ್ಲ, ಹೋಲುವ ಪ್ರಭೇದಗಳ ಕೋಶ, ಹೆಸರು ಹಚ್ಚದೆ ಬಿಟ್ಟವುಗಳ ಕೋಶ ಎಲ್ಲವನ್ನೂ ನೋಡಿ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೊಸ ಪ್ರಭೇದಗಳಲ್ಲಿ ಸಂಗ್ರಹವಾದ ಐದು ವರ್ಷದೊಳಗೆ ವರ್ಣನೆ ಕಂಡವು 16 ಪ್ರತಿಶತ ಮಾತ್ರ. ಸುಮಾರು ಕಾಲುಭಾಗ 50 ವರ್ಷಕ್ಕೂ ಹಳೆಯ ಹಾಳೆಗಳಿಂದ ಬಂದವು. ಹೊಸ ದಾಖಲೆಗಳ ಪಾಡೂ ಇದಕ್ಕಿಂತ ಬೇರೆಯಲ್ಲ. ಹಾಳೆಗಳನ್ನು ಪುಸ್ತಕದ ಪುಟದಂತೆ ಮಗುಚಬೇಡಿ, ಅಡ್ಡವಾಗಿಯೇ ಎತ್ತಿ ಪಕ್ಕಕ್ಕಿಡಿ. ಹಿಂದೆ ಹುಳು ಬಾರದಿರಲು ಪಾದರಸದ ಕ್ಲೋರೈಡ್ ಎಂಬ ವಿಷ ಹಚ್ಚುವ ರೂಢಿಯಿತ್ತು. ಹಳೆಯ ಹಾಳೆ ಮುಟ್ಟುವಾಗ ಕೈಗವಸು ಹಾಕಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಗಿಡ ತಾನಾಗಿ ಬಂದದ್ದೋ, ಮನುಷ್ಯರ ಜೊತೆ ಬಂದದ್ದೋ ಎಂಬುದು ನಿಮ್ಮ ಬಂಡೆಯ ಗಿಡಕ್ಕೆ ದೊಡ್ಡ ಪ್ರಶ್ನೆ ಆಗಲಾರದು: ಪಕ್ಕದ ದೇಶದಲ್ಲಿ ಅಂಥದ್ದೇ ನೆಲೆ, ಸುತ್ತ ತೋಟವಿಲ್ಲ. ಆದರೂ ಹತ್ತಿರ ದಾರಿ, ಶಿಬಿರ, ನರ್ಸರಿ ಇದೆಯೇ ನೋಡಿ ಬರೆಯಿರಿ, ಏಕೆಂದರೆ ಕರ್ಣಕುಂಡಲಗಳು ಅಲಂಕಾರದ ಗಿಡಗಳೂ ಹೌದು. ಸಿಸಿಲಿಯ ಎಟ್ನಾ ಪರ್ವತದ ಮೂಲದ ಸೆನೆಸಿಯೋ ಸ್ಕ್ವಾಲಿಡಸ್ ಎಂಬ ಹಳದಿ ಹೂವಿನ ಗಿಡ ಆಕ್ಸ್‌ಫರ್ಡಿನ ಸಸ್ಯೋದ್ಯಾನದಿಂದ ತಪ್ಪಿಸಿಕೊಂಡು, ಲಾವಾದ ಕಲ್ಲುನೆಲವನ್ನೇ ಹೋಲುವ ರೈಲುಹಳಿಯ ಜಲ್ಲಿಯ ಮೇಲೆ ಸಾಗುತ್ತ ಬ್ರಿಟನ್ನಿನ ತುಂಬ ಹಬ್ಬಿತು. ಪರದೇಶದ ಗಿಡವಾದರೆ ಅದು ಒಂದೆರಡು ವರ್ಷ ಕಂಡು ಮರೆಯಾಗುವಂಥದ್ದೋ, ನೆಲೆಯೂರಿದ್ದೋ ಹೇಳಬೇಕು. ಮನುಷ್ಯರ ನೆರವಿಲ್ಲದೆ ಕನಿಷ್ಠ ಹತ್ತು ವರ್ಷ ತಾನೇ ಸಂತತಿ ಮುಂದುವರಿಸಿದ್ದನ್ನು ನೆಲೆಯೂರಿದ್ದು ಎನ್ನುವುದು ಸಾಮಾನ್ಯ ಅಳತೆ. ಬೀಜ ಕಟ್ಟುತ್ತಿದೆಯೇ, ಬೇರೆಬೇರೆ ವಯಸ್ಸಿನ ಸಸಿಗಳಿವೆಯೇ ಎಂದು ಬರೆದಿಟ್ಟರೆ ಮುಂದಿನವರಿಗೆ ಲೆಕ್ಕ ಸಿಗುತ್ತದೆ.

ಡಿಎನ್‌ಎ ಮಾಡಿಸಲೇಬೇಕೆಂದಿಲ್ಲ. ಮಾಡಿಸುವುದಾದರೆ 2009ರಲ್ಲಿ ಭೂಸಸ್ಯಗಳ ಬಾರ್‌ಕೋಡ್, ಅಂದರೆ ಗುರುತಿನ ಡಿಎನ್‌ಎ, ಎಂದು ಒಪ್ಪಿಕೊಂಡ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ ತುಣುಕುಗಳು ಕುಲವನ್ನು ಚೆನ್ನಾಗಿ ಹೇಳುತ್ತವೆ, ತೀರ ಹತ್ತಿರದ ಪ್ರಭೇದಗಳನ್ನು ಬೇರ್ಪಡಿಸುವಲ್ಲಿ ಹಲವು ಬಾರಿ ಸೋಲುತ್ತವೆ; ಐಟಿಎಸ್ ಎಂಬ ಇನ್ನೊಂದು ತುಣುಕನ್ನು ಸೇರಿಸುವುದು ಅದಕ್ಕೇ. ಹೋಲಿಕೆಗೆ ಸಾರ್ವಜನಿಕ ಕೋಶದಲ್ಲಿ ಸಿಗುವ ಡಿಎನ್‌ಎ ಕ್ರಮಗಳಲ್ಲೂ ತಪ್ಪು ಹೆಸರಿನವು ಇರುತ್ತವೆ. ಯಾವ ಹರ್ಬೇರಿಯಂ ಹಾಳೆಯಿಂದ ತೆಗೆದದ್ದು ಎಂದು ಬರೆದಿರುವ ಕ್ರಮಗಳನ್ನೇ ನೆಚ್ಚಿಕೊಳ್ಳಿ.

ಯಾವ ಪ್ರಭೇದಕ್ಕೂ ಹೊಂದದಿದ್ದರೆ? ಆಗ ನಿಯಮವೇ ಬೇರೆ. ಹೊಸ ದಾಖಲೆಗೆ ಮಾದರಿ, ಪ್ರಕಟಣೆ ಸಾಕು. ಹೊಸ ಪ್ರಭೇದಕ್ಕೆ ಅಂತರರಾಷ್ಟ್ರೀಯ ನಾಮಕರಣ ಸಂಹಿತೆ ಕಡ್ಡಾಯ. ಲ್ಯಾಟಿನ್ ರೂಪದ ಹೆಸರು, ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿ ವರ್ಣನೆ ಇಲ್ಲವೇ ಭೇದಸೂಚನೆ (ಉಳಿದವುಗಳಿಂದ ಹೇಗೆ ಬೇರೆ ಎಂಬ ಮಾತು), ಒಂದು ಟೈಪ್ ಮಾದರಿ, ಅದು ಇರುವ ಹರ್ಬೇರಿಯಂನ ಹೆಸರು, ಇವಿಷ್ಟೂ ಒಟ್ಟಿಗೆ ಪ್ರಕಟವಾಗಬೇಕು. 2012ರ ಜನವರಿ 1ರಿಂದ ಐಎಸ್‌ಎಸ್‌ಎನ್ ಅಥವಾ ಐಎಸ್‌ಬಿಎನ್ ಎಂಬ ನೋಂದಣಿ ಸಂಖ್ಯೆ ಇರುವ ಪ್ರಕಟಣೆಯ ಪಿಡಿಎಫ್ ಕೂಡ ನಡೆಯುತ್ತದೆ. ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಹೆಸರಿಗೆ ಯಾವ ಮಾನ್ಯತೆಯೂ ಇಲ್ಲ. ನನ್ನ ಸಲಹೆ: ಸಂದೇಹವಿದ್ದರೆ ಇನ್ನೊಂದು ಹೂಕಾಲ ಕಾಯಿರಿ. ಒಂದೇ ಜಾಗದ, ಒಂದೇ ವರ್ಷದ ಗಿಡಗಳಲ್ಲಿ ಕಂಡ ವ್ಯತ್ಯಾಸ ನೆರಳು, ನೀರು, ವಯಸ್ಸಿನಿಂದಲೂ ಬಂದಿರಬಹುದು.

ಲೇಖನ ಚಿಕ್ಕದಾಗಿರಲಿ. ಸರಿಯಾದ ಹೆಸರು ಮತ್ತು ಹೆಸರಿಟ್ಟವರು, ಮೂಲ ಪ್ರಕಟಣೆ, ಟೈಪ್ ವಿವರ, ನಿಮ್ಮ ಮಾದರಿಗಳಿಂದಲೇ ಬರೆದ ವರ್ಣನೆ, ಹೂ-ಕಾಯಿಯ ಕಾಲ, ನೆಲೆ, ಜಗತ್ತಿನಲ್ಲಿ ಹರಡಿರುವ ಜಾಗ, ಪರಿಶೀಲಿಸಿದ ಹಾಳೆಗಳು, ನಕ್ಷೆ, ಅಳತೆಗೆರೆ ಇರುವ ಚಿತ್ರಪಟ. ದೇಶದಲ್ಲಿರುವ ಹತ್ತಿರದ ಪ್ರಭೇದಗಳ ಜೊತೆ ಹೊಸದನ್ನೂ ಸೇರಿಸಿದ ಕೀಲಿ ಕೊಡುವುದು ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಉಪಯುಕ್ತ. ಹಳೆಯ ಕೀಲಿಯಲ್ಲಿದ್ದ ಕಂಡಿ ಮುಚ್ಚುವುದು ಹಾಗೆಯೇ. ಫ್ಲೋರಾದಿಂದ ನಕಲು ಮಾಡಿದ ವರ್ಣನೆ, ಹರ್ಬೇರಿಯಂ ಸಂಖ್ಯೆ ಇಲ್ಲದ ಮಾದರಿ, ಹೋಲುವ ಪ್ರಭೇದಗಳ ಮಾತೇ ಇಲ್ಲದಿರುವುದು, ಈ ಮೂರು ಕಾರಣಕ್ಕೇ ಲೇಖನ ವಾಪಸ್ಸಾಗುವುದು ಹೆಚ್ಚು. ಒಂದೇ ದೇಶದ ಹತ್ತು ಗಿಡ ನೋಡಿ ‘ತೀವ್ರ ಅಪಾಯದಲ್ಲಿದೆ’ ಎಂದು ಅಳಿವಿನ ಅಪಾಯ ಅಳೆಯುವ ಐಯುಸಿಎನ್ ವರ್ಗ ಹಚ್ಚಬೇಡಿ; ಜಾಗತಿಕ ವರ್ಗ ಇಡೀ ಜಗತ್ತಿನ ಗಿಡಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ದೇಶದ ಮಟ್ಟದ ಮೌಲ್ಯಮಾಪನಕ್ಕೆ ಬೇರೆ ಮಾರ್ಗಸೂಚಿ ಇದೆ. ಕೀಳುವವರ ಕಣ್ಣು ಬೀಳುವಂಥ ಗಿಡವಾದರೆ ನಿಖರ ಅಂಕಿಯನ್ನು ಹರ್ಬೇರಿಯಂ ಚೀಟಿಯಲ್ಲಿ ಮಾತ್ರ ಇಟ್ಟು, ಲೇಖನದಲ್ಲಿ ಒರಟಾಗಿ ಕೊಡಿ.

ಪ್ರಕಟವಾದ ಮೇಲೆ ಪ್ರತಿಯನ್ನು ದೇಶದ ಸಸ್ಯಪಟ್ಟಿ ನಿರ್ವಹಿಸುವವರಿಗೂ ಮಾದರಿ ಇರುವ ಹರ್ಬೇರಿಯಂಗಳಿಗೂ ಕಳಿಸಿ. ಹುಡುಕಾಟದಲ್ಲಿ ತಪ್ಪು ಹೆಸರಿನ ಹಳೆಯ ಹಾಳೆಗಳು ಸಿಕ್ಕಿದ್ದರೆ, ಮೇಲ್ವಿಚಾರಕರ ಒಪ್ಪಿಗೆ ಪಡೆದು, ಸರಿಯಾದ ಹೆಸರು, ನಿಮ್ಮ ಹೆಸರು, ವರ್ಷ ಬರೆದ ಸಣ್ಣ ಚೀಟಿಯನ್ನು ಅವುಗಳ ಮೇಲೆ ಹಚ್ಚಿಸಿ. ಹಳೆಯ ಚೀಟಿಯನ್ನು ಕೀಳಬೇಡಿ, ಅದರ ಮೇಲೆ ಅಂಟಿಸಲೂಬೇಡಿ. ಪಕ್ಕದಲ್ಲಿ ಜಾಗ ನೋಡಿ ಹಚ್ಚಿ.